ಅರ್ಧ ರೇಟಿನ ಡೆವಲಪರ್, ಖರ್ಚೂ ಅರ್ಧವೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ದೂರದಲ್ಲಿ ಕೂತು ಕೆಲಸ ಮಾಡುವ ಸಾಫ್ಟ್‌ವೇರ್ ಡೆವಲಪರ್‌ಗಳನ್ನು ತೆಗೆದುಕೊಳ್ಳಬೇಕಾ, ಬೇಡವಾ, ತೆಗೆದುಕೊಂಡರೆ ಹೇಗೆ ಅಂತ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಪೂರ್ತಿ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಐದು ಜನರ ಸಣ್ಣ ಕಂಪನಿ. ಇನ್ನೂ ಒಬ್ಬ ಡೆವಲಪರ್ ಬೇಕು. ಇಲ್ಲೇ ಆಫೀಸಿಗೆ ಬರುವವರು ಕೇಳುವುದರ ಅರ್ಧಕ್ಕೆ ಬೇರೆ ದೇಶದಿಂದ ರಿಮೋಟ್ ಆಗಿ ಮಾಡುತ್ತೇನೆ ಅನ್ನುವವರು ಸಿಕ್ಕಿದ್ದಾರೆ. ನಿಜಕ್ಕೂ ಅರ್ಧ ಉಳಿಯುತ್ತದಾ?

ಇಲ್ಲ, ಉಳಿಯುವುದಿಲ್ಲ. ಹಾಗಂತ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಯಾವ ದೇಶದ ಹಣವೂ ಬೇಡ, ಬರೀ ಅಂಕಿ ಸಾಕು. ಆಫೀಸಿನ ಡೆವಲಪರ್‌ಗೆ ಗಂಟೆಗೆ 100 ಅಂತ ಇಟ್ಟುಕೊಳ್ಳಿ. ದೂರದವರಿಗೆ 50, ನಿಮ್ಮ ಸೀನಿಯರ್‌ಗೆ 150. ಕೆಲಸ 40 ಗಂಟೆಯದು. ಆಫೀಸಿನವರು ಮಾಡಿದರೆ 4000. ಸೀನಿಯರ್ ನಾಲ್ಕು ಗಂಟೆ ಪಕ್ಕದಲ್ಲಿ ಕೂತು ವಿವರಿಸಿ, ಕೋಡ್ ನೋಡಿದ್ದಕ್ಕೆ 600. ಒಟ್ಟು 4600.

ಇನ್ನು ದೂರದವರ ಕಡೆ ಬನ್ನಿ. ಅವರ 40 ಗಂಟೆಗೆ 2000. ಎಲ್ಲರೂ ಲೆಕ್ಕ ನಿಲ್ಲಿಸುವುದು ಇಲ್ಲೇ. ಆದರೆ ಪಕ್ಕದಲ್ಲಿದ್ದವರಿಗೆ ಬಾಯಲ್ಲೇ ಹೇಳಿ ಮುಗಿಸುತ್ತಿದ್ದದ್ದನ್ನು ಈಗ ಬರೆದು ಕೊಡಬೇಕು. ಅದಕ್ಕೆ ಸೀನಿಯರ್‌ನ ಆರು ಗಂಟೆ ಹೋಯಿತು, ಅಂದರೆ 900. ಸಂದೇಹಗಳಿಗೆ ಉತ್ತರ, ರಿವ್ಯೂ ಅಂತ ಐದು ಗಂಟೆ, 750. ಎಲ್ಲೋ ಒಂದು ಕಡೆ ತಪ್ಪಾಗಿ ಅರ್ಥವಾಗಿರುತ್ತದೆ, ಅದನ್ನು ಮತ್ತೆ ಮಾಡಲು ಎಂಟು ಗಂಟೆ, 400. ಒಟ್ಟು 4050 ಆಯಿತು. ಉಳಿದದ್ದು 550, ಅಂದರೆ ನೂರಕ್ಕೆ 12ರಷ್ಟು. ಅರ್ಧ ಎಲ್ಲಿ, ಹನ್ನೆರಡು ಎಲ್ಲಿ!

ಆದರೆ ಇದು ಮೊದಲ ತಿಂಗಳ ಲೆಕ್ಕ. ಅದೇ ವ್ಯಕ್ತಿ ಆರು ತಿಂಗಳು ನಿಮ್ಮ ಜೊತೆಗಿದ್ದರೆ ನಿಮ್ಮ ಕೋಡೂ ಗೊತ್ತಿರುತ್ತದೆ, ನೀವು ಬರೆಯುವ ರೀತಿಯೂ ಗೊತ್ತಿರುತ್ತದೆ. ಆಗ ಬರೆದು ಕೊಡಲು ಮೂರು ಗಂಟೆ ಸಾಕು, ರಿವ್ಯೂಗೆ ಮೂರು ಗಂಟೆ, ಮರುಕೆಲಸಕ್ಕೆ ಎರಡು ಗಂಟೆ. ಎಲ್ಲ ಸೇರಿ 3000. ಈಗ ಉಳಿತಾಯ ನೂರಕ್ಕೆ 35ರ ಹತ್ತಿರ. ಅದೇ ಅವರು ಮೂರನೇ ತಿಂಗಳಿಗೇ ಬಿಟ್ಟು ಹೋದರೆ ಮತ್ತೆ 12ಕ್ಕೆ ಬಂದು ನಿಲ್ಲುತ್ತೀರಿ, ಜೊತೆಗೆ ಹೊಸಬರನ್ನು ಹುಡುಕಿದ ಖರ್ಚು ಬೇರೆ. ನನ್ನ ಅಂಕಿಗಳು ಬರೀ ಉದಾಹರಣೆಗೆ. ಅವನ್ನು ತೆಗೆದು ನಿಮ್ಮದನ್ನು ಹಾಕಿಕೊಳ್ಳಿ. ಆದರೆ ಸೀನಿಯರ್‌ನ ಗಂಟೆಗಳನ್ನು ಮಾತ್ರ ದಯವಿಟ್ಟು ಬಿಡಬೇಡಿ. ನನಗೆ ಬರುವ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಬಿಡುವುದು ಅದನ್ನೇ.

ಹಾಗಾದರೆ ಲಾಭ ಎಲ್ಲಿದೆ? ನನ್ನ ಮಟ್ಟಿಗೆ ದೊಡ್ಡ ಲಾಭ ರೇಟಿನದಲ್ಲ, ಆಯ್ಕೆಯದು. ನಿಮಗೆ ಬೇಕಾದ ಅನುಭವ ಇರುವವರು ನಿಮ್ಮ ಆಫೀಸಿಗೆ ಒಂದು ಗಂಟೆ ಪ್ರಯಾಣದೊಳಗೇ ಇರಬೇಕು ಅನ್ನುವ ಷರತ್ತನ್ನು ತೆಗೆದುಹಾಕಿದರೆ ಹುಡುಕುವ ಜಾಗ ಎಷ್ಟು ಹಿಗ್ಗುತ್ತದೆ ಯೋಚಿಸಿ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ 1991ರಲ್ಲಿ ಶುರುವಾಗಿ ಬೆಳೆದದ್ದೇ ಒಬ್ಬರ ಮುಖ ಒಬ್ಬರು ನೋಡದ ಜನರಿಂದ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ, ಇವತ್ತು ಹೆಚ್ಚಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಇರುವ ಗಿಟ್, 2005ರಲ್ಲಿ ಆ ದೂರದ ಜನರ ಅಗತ್ಯಕ್ಕೇ ಹುಟ್ಟಿದ್ದು. ಗಿಟ್‌ಲ್ಯಾಬ್ ಅನ್ನುವ ಸಾಫ್ಟ್‌ವೇರ್ ಕಂಪನಿ ಒಂದು ಮುಖ್ಯ ಕಚೇರಿಯೇ ಇಲ್ಲದೆ 2021ರಲ್ಲಿ ಅಮೆರಿಕದ ಷೇರುಪೇಟೆಗೆ ಬಂತು. ಇವರೆಲ್ಲರಲ್ಲೂ ಸಾಮಾನ್ಯವಾದದ್ದು ಒಂದೇ, ವಿಪರೀತ ಬರೆಯುತ್ತಾರೆ. ನಿರ್ಧಾರ, ಕಾರಣ, ಕೆಲಸದ ಕ್ರಮ, ಎಲ್ಲವೂ ಬರಹದಲ್ಲಿ. ಆ ಬರೆಯುವ ಖರ್ಚು ನಷ್ಟವೂ ಅಲ್ಲ. ದೂರದ ಒಬ್ಬರಿಗೋಸ್ಕರ ಬರೆದದ್ದು ನಾಳೆ ನಿಮ್ಮ ಆಫೀಸಿಗೇ ಬರುವ ಹೊಸಬರಿಗೂ ಆಗುತ್ತದೆ.

ಇನ್ನೊಂದು ಲಾಭ, ಜನ ನಿಲ್ಲುತ್ತಾರೆ. ಪ್ರಯಾಣದ ಬುಕಿಂಗ್ ಮಾಡುವ ಟ್ರಿಪ್.ಕಾಮ್ ಕಂಪನಿಯ 1,612 ಉದ್ಯೋಗಿಗಳ ಮೇಲೆ ಮಾಡಿದ ಪ್ರಯೋಗವೊಂದು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ಇಳಿಯಿತು, ಕೆಲಸದ ಗುಣಮಟ್ಟ ಇಳಿಯಲಿಲ್ಲ. ಅವರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳೂ ಇದ್ದರು. ಆದರೆ ಅದು ಎರಡು ದಿನದ್ದು, ಪೂರ್ತಿ ರಿಮೋಟ್‌ನದ್ದಲ್ಲ. ಅದನ್ನೇ ಹಿಡಿದುಕೊಂಡು ಪೂರ್ತಿ ರಿಮೋಟ್‌ಗೂ ಹೀಗೇ ಅಂತ ಹೇಳುವುದು ಸರಿಯಲ್ಲ.

ಪ್ರಶ್ನೆ: ನಮಗೂ ನಮ್ಮ ಡೆವಲಪರ್‌ಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ನಾವು ಮಲಗಿದಾಗ ಅಲ್ಲಿ ಕೆಲಸ ನಡೆಯುತ್ತದೆ, ಹಾಗಾಗಿ ಬೇಗ ಮುಗಿಯಬೇಕಿತ್ತು. ಆದರೆ ಎಲ್ಲವೂ ನಿಧಾನ. ಯಾಕೆ?

ಒಂದು ಪುಲ್ ರಿಕ್ವೆಸ್ಟನ್ನು, ಅಂದರೆ ನೋಡಿ ಒಪ್ಪಿಕೊಳ್ಳಿ ಅಂತ ಕಳಿಸಿದ ಕೋಡ್ ಬದಲಾವಣೆಯನ್ನು, ಹತ್ತಿರದಿಂದ ನೋಡಿ, ಗೊತ್ತಾಗುತ್ತದೆ. ಅವರ ಗಡಿಯಾರ ನಿಮಗಿಂತ ಮುಂದಿದೆ ಅಂತ ಇಟ್ಟುಕೊಳ್ಳೋಣ. ಸೋಮವಾರ ಸಂಜೆ ಆರಕ್ಕೆ ಅವರು ವಸ್ತುಗಳ ಬೆಲೆ ಬದಲಿಸುವ ಕೋಡ್ ಕಳಿಸಿ ಕೆಲಸ ಮುಗಿಸುತ್ತಾರೆ. ನಿಮಗೆ ಆಗ ಬೆಳಗ್ಗೆ ಎಂಟೂವರೆ. ನೀವು ನೋಡಿ ಬರೆಯುತ್ತೀರಿ: "ಬೆಲೆ ಖಾಲಿ ಬಂದರೆ ಏನು ಮಾಡುತ್ತೀರಿ?" ಮಂಗಳವಾರ ಅವರು ಬರೆಯುತ್ತಾರೆ: "ಖಾಲಿ ಬರಬಹುದು ಅಂತ ಗೊತ್ತಿರಲಿಲ್ಲ. ಎರರ್ ತೋರಿಸಲಾ, ಹಳೆಯ ಬೆಲೆಯನ್ನೇ ಉಳಿಸಿಕೊಳ್ಳಲಾ?" ನೀವು "ಹಳೆಯದನ್ನೇ ಉಳಿಸಿ" ಅನ್ನುತ್ತೀರಿ. ಬುಧವಾರ ತಿದ್ದುತ್ತಾರೆ, ಆದರೆ ಕೋಡನ್ನು ಪರೀಕ್ಷಿಸುವ ಒಂದು ಟೆಸ್ಟ್ ಫೇಲಾಗಿದೆ, ಅದನ್ನು ನೀವು ಹೇಳುತ್ತೀರಿ. ಗುರುವಾರ ಅದೂ ಸರಿಯಾಗಿ ನಿಮ್ಮ ಒಪ್ಪಿಗೆ ಸಿಗುತ್ತದೆ. ನಾಲ್ಕು ಸಾಲು ಕೋಡಿಗೆ ನಾಲ್ಕು ದಿನ. ಪಕ್ಕದಲ್ಲಿದ್ದಿದ್ದರೆ ಹತ್ತು ನಿಮಿಷದ ಮಾತು, ಅಲ್ವಾ?

ಇಲ್ಲಿ ಯಾರೂ ಸೋಮಾರಿಯಲ್ಲ. ನಿಮ್ಮ ಖರ್ಚಿನ ಪಟ್ಟಿಯಲ್ಲಿ ಕಾಣದ ಖರ್ಚು ಅಂದರೆ ಈ ಕಾಯುವಿಕೆ. ಕಾಯುವಾಗ ಡೆವಲಪರ್ ಸುಮ್ನೆ ಕೂರುವುದಿಲ್ಲ, ಇನ್ನೊಂದು ಕೆಲಸ ಶುರುಮಾಡುತ್ತಾರೆ. ಆಮೇಲೆ ಮೂರು ಅರ್ಧಂಬರ್ಧ ಕೆಲಸಗಳು ಒಟ್ಟಿಗೆ ತೆರೆದುಕೊಂಡಿರುತ್ತವೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗಲೆಲ್ಲ ಎಲ್ಲಿದ್ದೆ ಅಂತ ನೆನಪಿಸಿಕೊಳ್ಳಬೇಕು.

ಮೊದಲು ದಿನಕ್ಕೆ ಮೂರು ಗಂಟೆಯಾದರೂ ಇಬ್ಬರೂ ಒಟ್ಟಿಗೆ ಇರುವ ಸಮಯ ಹುಡುಕಿ. ಪ್ರತಿ ಸಲ ಅವರೇ ರಾತ್ರಿ ಕೂರಬೇಕು ಅನ್ನಬೇಡಿ, ಒಂದು ವಾರ ನೀವು ಬೇಗ ಬನ್ನಿ. ಆ ಹೊತ್ತಿನಲ್ಲಿ ಮೀಟಿಂಗ್ ಇಡುವ ಬದಲು ರಿವ್ಯೂ ಮಾಡಿ, ಅವರು ಅಲ್ಲೇ ಉತ್ತರಿಸಲಿ. ಪ್ರಶ್ನೆ ಕೇಳುವಾಗ ತಮ್ಮ ಊಹೆಯನ್ನೂ ಜೊತೆಗೇ ಬರೆಯುವ ಅಭ್ಯಾಸ ಎಲ್ಲರಿಗೂ ಆಗಲಿ: "ನಿಮ್ಮ ಉತ್ತರ ಬರದಿದ್ದರೆ ಹಳೆಯ ಬೆಲೆಯನ್ನೇ ಉಳಿಸುತ್ತೇನೆ." ಮೇಲಿನ ಉದಾಹರಣೆಯಲ್ಲಿ ಈ ಒಂದು ವಾಕ್ಯವೇ ಒಂದು ಪೂರ್ತಿ ದಿನ ಉಳಿಸುತ್ತಿತ್ತು. ಗಡಿಯಾರದ ಬದಲಾವಣೆಯನ್ನೂ ಮರೆಯಬೇಡಿ. ಅಮೆರಿಕದ ಬಹುಪಾಲು ಕಡೆ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ಹೋಗುತ್ತದೆ, ಯುರೋಪಿನಲ್ಲಿ ಕೊನೆಯ ಭಾನುವಾರ, ಎಷ್ಟೋ ದೇಶಗಳಲ್ಲಿ ಬದಲಾಗುವುದೇ ಇಲ್ಲ. ಆ ನಡುವಿನ ವಾರಗಳಲ್ಲಿ ಮೀಟಿಂಗ್ ತಪ್ಪಿ ಬೇಸರವಾಗುವುದು ಪ್ರತಿ ವರ್ಷ ನಡೆಯುತ್ತದೆ.

ಒಂದು ಕಡೆ ಮಾತ್ರ ಈ ವ್ಯತ್ಯಾಸ ವರ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ನಿಮ್ಮವರು ಯಾರೂ ಏಳಬೇಕಾಗಿಲ್ಲ, ಅಲ್ಲಿ ಹಗಲು. ತೊಂದರೆಯಾದರೆ ನೋಡಿಕೊಳ್ಳುವ ಆನ್‌ಕಾಲ್ ಸರದಿಯನ್ನು ಹಾಗೆ ಹಂಚಿಕೊಂಡ ತಂಡಗಳು ನೆಮ್ಮದಿಯಾಗಿವೆ.

ಪ್ರಶ್ನೆ: ಅವರು ನಿಜಕ್ಕೂ ಎಂಟು ಗಂಟೆ ಕೆಲಸ ಮಾಡುತ್ತಾರಾ ಅಂತ ತಿಳಿಯಲು ಹತ್ತು ನಿಮಿಷಕ್ಕೊಮ್ಮೆ ಸ್ಕ್ರೀನ್‌ಶಾಟ್ ತೆಗೆಯುವ ಸಾಫ್ಟ್‌ವೇರ್ ಹಾಕಿಸಬಹುದಾ?

ದಯವಿಟ್ಟು ಬೇಡ. ನಿಮ್ಮ ಆತಂಕ ನಿಮ್ಮೊಬ್ಬರದ್ದಲ್ಲ. ಮೈಕ್ರೋಸಾಫ್ಟ್ 2022ರಲ್ಲಿ ಕೇಳಿದಾಗ ನೂರಕ್ಕೆ 87 ಉದ್ಯೋಗಿಗಳು ನಾವು ಚೆನ್ನಾಗಿ ಕೆಲಸ ಮಾಡುತ್ತಿದ್ದೇವೆ ಅಂದರು. ಮುಖ್ಯಸ್ಥರಲ್ಲಿ ನೂರಕ್ಕೆ 85 ಮಂದಿ, ಮನೆ-ಆಫೀಸು ಎರಡೂ ಕಡೆ ಹಂಚಿಹೋದ ಈ ವ್ಯವಸ್ಥೆಯಲ್ಲಿ ಅದನ್ನು ನಂಬುವುದು ಕಷ್ಟವಾಗಿದೆ ಅಂದರು. ಆದರೆ ಸ್ಕ್ರೀನ್‌ಶಾಟ್ ತೋರಿಸುವುದು ಮೌಸ್ ಆಡಿದ್ದನ್ನು. ಕಷ್ಟದ ಬಗ್ ಹಿಡಿಯುವವರು ಅರ್ಧ ಗಂಟೆ ಏನೂ ಒತ್ತದೆ ಕಾಗದದ ಮೇಲೆ ಗೀಚುತ್ತಿರುತ್ತಾರೆ. ಒಳ್ಳೆಯವರು ಅವಮಾನವಾಗಿ ಬಿಟ್ಟು ಹೋಗುತ್ತಾರೆ, ಉಳಿಯುವವರು ಮೌಸ್ ಆಡಿಸುವುದು ಕಲಿಯುತ್ತಾರೆ. ಅದರ ಬದಲು ವಾರಕ್ಕೊಂದು ಡೆಮೊ ಕೇಳಿ. ನಡೆಯುವ ಸಾಫ್ಟ್‌ವೇರನ್ನೇ ತೆರೆದು ತೋರಿಸಲಿ, ಸ್ಲೈಡ್ ಬೇಡ. ಎರಡು ವಾರ ಸತತವಾಗಿ ತೋರಿಸಲು ಏನೂ ಇಲ್ಲದಿದ್ದರೆ ಆಗ ಕೂತು ನೇರವಾಗಿ ಮಾತಾಡಿ. ತಪ್ಪು ಅವರದ್ದೋ, ಅಥವಾ ನಿಮ್ಮ ಕಡೆಯಿಂದ ಬರಬೇಕಾದ ಉತ್ತರಕ್ಕೆ ಕಾಯುತ್ತಿದ್ದರೋ, ಎರಡೂ ಅಲ್ಲಿ ಹೊರಬರುತ್ತವೆ.

ಪ್ರಶ್ನೆ: ಪ್ರಾಜೆಕ್ಟ್ ತಡವಾಗಿದೆ. ಎರಡು ತಿಂಗಳಿಗೆ ನಾಲ್ಕು ರಿಮೋಟ್ ಡೆವಲಪರ್‌ಗಳನ್ನು ಹಾಕಿಕೊಂಡರೆ ಮುಗಿಸಬಹುದಾ? ಈಗ ನಾವು ಐದು ಜನ.

ಇನ್ನೂ ತಡವಾಗುತ್ತದೆ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಐದು ಜನರ ನಡುವೆ ಮಾತುಕತೆಯ ದಾರಿಗಳು 10, ಒಂಬತ್ತು ಜನರಾದರೆ 36. ಅದರಲ್ಲಿ ಹೊಸ 26 ದಾರಿಗಳೂ ದೂರದವು. ಜೊತೆಗೆ ನಾಲ್ವರಿಗೂ ಕಲಿಸಬೇಕಾದವರು ನಿಮ್ಮ ಆ ಐದು ಜನರೇ, ಈಗಾಗಲೇ ಸುಸ್ತಾಗಿರುವವರು. ಉಳಿದದ್ದರಿಂದ ಪೂರ್ತಿ ಬೇರೆಯಾಗಿ ಕತ್ತರಿಸಿ ಕೊಡಬಹುದಾದ ಒಂದು ತುಂಡು ಇದ್ದರೆ ಅದನ್ನು ಮಾತ್ರ ಹೊರಗೆ ಕೊಡಿ. ಇಲ್ಲದಿದ್ದರೆ ಕೆಲಸವನ್ನೇ ಕಡಿಮೆ ಮಾಡಿ, ಗ್ರಾಹಕರಿಗೆ ಈಗಲೇ ಹೇಳಿಬಿಡಿ.

ಪ್ರಶ್ನೆ: ಮುಖ ನೋಡದೆ ಜನರನ್ನು ಆರಿಸುವುದು ಹೇಗೆ? ಇಂಟರ್‌ವ್ಯೂ ಕೊಟ್ಟವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು ಅನ್ನುವ ಕಥೆಗಳನ್ನು ಕೇಳಿ ಭಯವಾಗಿದೆ.

ಭಯ ಸುಳ್ಳಲ್ಲ. ಉತ್ತರ ಕೊರಿಯಾದ ಐಟಿ ಕೆಲಸಗಾರರು ಬೇರೆಯವರ ಹೆಸರಲ್ಲಿ ರಿಮೋಟ್ ಕೆಲಸ ಹಿಡಿಯುತ್ತಿದ್ದಾರೆ ಅಂತ ಅಮೆರಿಕದ ವಿದೇಶಾಂಗ ಇಲಾಖೆ, ಖಜಾನೆ ಮತ್ತು ಎಫ್‌ಬಿಐ ಸೇರಿ 2022ರ ಮೇ ತಿಂಗಳಲ್ಲಿ ಎಚ್ಚರಿಕೆ ಕೊಟ್ಟವು. ಕಂಪನಿ ಕಳಿಸಿದ ಲ್ಯಾಪ್‌ಟಾಪ್ ಮಧ್ಯವರ್ತಿಯ ಮನೆಯಲ್ಲಿ ಆನ್ ಆಗಿರುತ್ತದೆ, ಕೆಲಸ ಮಾಡುವವರು ಬೇರೆಲ್ಲಿಂದಲೋ ಅದಕ್ಕೆ ಲಾಗಿನ್ ಆಗುತ್ತಾರೆ. ಅಂಥ ಪ್ರಕರಣಗಳು ಕೋರ್ಟಿನಲ್ಲೂ ಸಾಬೀತಾಗಿವೆ.

ಒಗಟು ಬಿಡಿಸುವ ಇಂಟರ್‌ವ್ಯೂ ಬಿಡಿ. ಅದರ ಉತ್ತರವನ್ನು ಪಕ್ಕದ ಸ್ಕ್ರೀನಿನಲ್ಲಿ ಎಐ ಕೊಡುತ್ತದೆ. ಅವರು ಹಿಂದೆ ಮಾಡಿದ ಒಂದು ಕೆಲಸವನ್ನು ತೆಗೆದುಕೊಂಡು ಕೆಳಗೆ ಇಳಿಯುತ್ತಾ ಹೋಗಿ. ಆ ಡೇಟಾಬೇಸನ್ನೇ ಯಾಕೆ ಆರಿಸಿದಿರಿ, ಎಲ್ಲಿ ಕೈಕೊಟ್ಟಿತು, ಆಗ ಯಾರ ಜೊತೆ ವಾದವಾಯಿತು, ಈಗಾದರೆ ಏನು ಬದಲಿಸುತ್ತೀರಿ. ನಿಜವಾಗಿ ಮಾಡಿದವರಿಗೆ ಐದನೇ ಪ್ರಶ್ನೆಗೆ ಮಾತು ಇನ್ನೂ ಚುರುಕಾಗುತ್ತದೆ. ಮಾಡದವರಿಗೆ ಮೂರನೆಯದಕ್ಕೇ ಒಣಗುತ್ತದೆ.

ಆಮೇಲೆ ಹಣ ಕೊಟ್ಟು ಒಂದು ಸಣ್ಣ ನಿಜವಾದ ಕೆಲಸ ಮಾಡಿಸಿ. ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೋಮ್ಯಾಟಿಕ್ ಕಂಪನಿ ಜನರನ್ನು ಆರಿಸುತ್ತಾ ಬಂದಿರುವುದೇ ಹಾಗೆ. ಬಿಟ್ಟಿ ಮಾಡಿಸಬೇಡಿ, ಅದು ಅನ್ಯಾಯ, ಮತ್ತು ಒಳ್ಳೆಯವರು ಬರುವುದೂ ಇಲ್ಲ. ಆ ಕೆಲಸದಲ್ಲಿ ಬೇಕಂತಲೇ ಒಂದು ವಿಷಯವನ್ನು ಅಸ್ಪಷ್ಟವಾಗಿ ಬಿಡಿ. ಅವರು ಕೇಳುತ್ತಾರಾ, ಹೇಗೆ ಕೇಳುತ್ತಾರೆ ಅನ್ನುವುದು ಕೋಡಿಗಿಂತ ಜಾಸ್ತಿ ಹೇಳುತ್ತದೆ. ರಿಮೋಟ್ ಕೆಲಸಕ್ಕೆ ಸ್ಪಷ್ಟವಾಗಿ ಬರೆಯಬಲ್ಲ ಸಾಧಾರಣ ಪ್ರೋಗ್ರಾಮರ್‌ಗೂ, ಎರಡು ಪದದಲ್ಲಿ ಉತ್ತರಿಸುವ ಅಸಾಧಾರಣ ಪ್ರೋಗ್ರಾಮರ್‌ಗೂ ನಡುವೆ ಆರಿಸಬೇಕಾದರೆ ನಾನು ಮೊದಲನೆಯವರನ್ನೇ ಆರಿಸುತ್ತೇನೆ.

ಲ್ಯಾಪ್‌ಟಾಪನ್ನು ಗುರುತಿನ ದಾಖಲೆಯಲ್ಲಿರುವ ವಿಳಾಸಕ್ಕೇ ಕಳಿಸಿ. ಮೊದಲ ವಾರಗಳಲ್ಲಿ ಗ್ರಾಹಕರ ನಿಜವಾದ ಡೇಟಾ ಕೊಡಬೇಡಿ.

ಪ್ರಶ್ನೆ: ಫ್ರೆಶರ್‌ಗಳನ್ನು ರಿಮೋಟ್ ಆಗಿ ತೆಗೆದುಕೊಂಡರೆ ಇನ್ನೂ ಅಗ್ಗ. ತೆಗೆದುಕೊಳ್ಳಬಹುದಾ?

ಕಲಿಸಲು ಯಾರಾದರೂ ದಿನಕ್ಕೆ ಒಂದು ಗಂಟೆ ಕೊಡುತ್ತಾರೆ ಅಂದರೆ ಮಾತ್ರ. ದೊಡ್ಡ ಅಮೆರಿಕನ್ ಕಂಪನಿಯೊಂದರ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಮೇಲೆ ಎಮ್ಯಾನುಯೆಲ್, ಹ್ಯಾರಿಂಗ್ಟನ್ ಮತ್ತು ಪಲ್ಲೈಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನದಲ್ಲಿ, ತಂಡದವರ ಹತ್ತಿರ ಕೂರುವವರ ಕೋಡಿಗೆ ಹೆಚ್ಚು ಸಲಹೆಗಳು ಬರುತ್ತಿದ್ದದ್ದು ಕಂಡಿತು. ಹೆಚ್ಚು ಲಾಭವಾದದ್ದು ಹೊಸಬರಿಗೆ. ಕಲಿಸಿದ ಹಿರಿಯರ ಸ್ವಂತ ಕೋಡ್ ಮಾತ್ರ ಸ್ವಲ್ಪ ಕಡಿಮೆಯಾಗಿತ್ತು. ಅಂದರೆ ಹಿರಿಯರನ್ನೆಲ್ಲ ದೂರ ಕೂರಿಸಿದರೆ ಇವತ್ತು ಕೆಲಸ ಜಾಸ್ತಿ ಆದ ಹಾಗೆ ಕಾಣುತ್ತದೆ, ಆದರೆ ಮೂರು ವರ್ಷದ ನಂತರದ ಹಿರಿಯರು ತಯಾರಾಗುತ್ತಿರುವುದಿಲ್ಲ. ಹೊಸ ಹುಡುಗ ಹುಡುಗಿಯರು ದೂರದಲ್ಲಿ ಒಬ್ಬರೇ ಕೂತು, ಇಷ್ಟು ಸಣ್ಣದನ್ನು ಕೇಳಲಾ ಬೇಡವಾ ಅಂತ ಎರಡು ದಿನ ಒದ್ದಾಡುವುದು ನನಗೆ ನಿಜವಾಗಿಯೂ ಸಂಕಟದ ವಿಷಯ. ತೆಗೆದುಕೊಂಡರೆ ದಿನಾ ನಿಗದಿತ ಹೊತ್ತಿಗೆ ಸ್ಕ್ರೀನ್ ಹಂಚಿಕೊಂಡು ಒಟ್ಟಿಗೆ ಕೋಡ್ ಬರೆಯಿರಿ. ಕೇಳುವ ಭಾರ ಅವರ ಮೇಲೆ ಬೀಳಬಾರದು.

ಪ್ರಶ್ನೆ: ಕಾಂಟ್ರಾಕ್ಟ್ ಮೇಲೆ ತೆಗೆದುಕೊಳ್ಳುತ್ತಿದ್ದೇವೆ. ಕಾನೂನಿನಲ್ಲಿ ಏನು ನೋಡಿಕೊಳ್ಳಬೇಕು?

ಕೋಡ್ ಯಾರದ್ದು ಅನ್ನುವುದೇ ಮೊದಲನೆಯದು. ಹಣ ಕೊಟ್ಟೆವಲ್ಲ, ಕೋಡ್ ನಮ್ಮದೇ ಅಂದುಕೊಳ್ಳುತ್ತಾರೆ. ಎಷ್ಟೋ ದೇಶಗಳ ಕಾನೂನಿನಲ್ಲಿ ಸಂಬಳದ ಉದ್ಯೋಗಿ ಬರೆದದ್ದು ಕಂಪನಿಗೆ ಸೇರುತ್ತದೆ, ಆದರೆ ಕಾಂಟ್ರಾಕ್ಟ್ ಮೇಲಿರುವವರು ಬರೆದದ್ದು ಲಿಖಿತವಾಗಿ ವರ್ಗಾಯಿಸದ ಹೊರತು ಅವರದ್ದೇ. ಆ ವರ್ಗಾವಣೆಯ ಮಾತು ಸಹಿ ಮಾಡುವ ಪತ್ರದಲ್ಲೇ ಇರಲಿ. ಎರಡನೆಯದು, ಹೆಸರಿಗೆ ಕಾಂಟ್ರಾಕ್ಟರ್, ಆದರೆ ನೀವು ಹೇಳಿದ ಹೊತ್ತಿಗೆ, ನಿಮ್ಮೊಬ್ಬರಿಗೇ, ವರ್ಷಗಟ್ಟಲೆ ಕೆಲಸ ಅಂದರೆ ಅವರ ದೇಶದ ಅಧಿಕಾರಿಗಳು ಅವರನ್ನು ನಿಮ್ಮ ಉದ್ಯೋಗಿ ಅಂತಲೇ ಪರಿಗಣಿಸಬಹುದು. ಆಗ ಹಳೆಯ ತೆರಿಗೆ, ಭವಿಷ್ಯನಿಧಿಯಂಥದ್ದು, ದಂಡ, ಎಲ್ಲ ಒಟ್ಟಿಗೆ ಬರುತ್ತವೆ. ಇದನ್ನು ತಪ್ಪಿಸಲು ಎಂಪ್ಲಾಯರ್ ಆಫ್ ರೆಕಾರ್ಡ್ ಅನ್ನುವ ಸೇವೆಗಳಿವೆ. ಅಲ್ಲಿನ ಕಾನೂನಿನ ಪ್ರಕಾರ ಅವರೇ ಉದ್ಯೋಗದಾತರಾಗಿ ಸಂಬಳ ಕೊಟ್ಟು ನಿಮ್ಮಿಂದ ಶುಲ್ಕ ಪಡೆಯುತ್ತಾರೆ. ಆ ಶುಲ್ಕವನ್ನೂ ಮೊದಲ ಪ್ರಶ್ನೆಯ ಲೆಕ್ಕಕ್ಕೆ ಸೇರಿಸಿ. ಯಾವುದಕ್ಕೂ ಆ ದೇಶದ ಕಾನೂನು ಬಲ್ಲವರಿಗೆ ಒಂದು ಸಲ ತೋರಿಸಿ.

ಇನ್ನೊಂದು ವಿಷಯ ಕಾನೂನಿಗಿಂತ ಜಾಸ್ತಿ ನೋವು ಕೊಡುತ್ತದೆ. ಆ್ಯಪ್ ಸ್ಟೋರಿನ ಅಕೌಂಟ್ ಯಾರ ಹೆಸರಲ್ಲಿದೆ ನೋಡಿ. ಅವಸರದಲ್ಲಿ ಡೆವಲಪರ್ ತಮ್ಮ ಸ್ವಂತ ಇಮೇಲಿನಿಂದಲೇ ತೆರೆದಿರುತ್ತಾರೆ. ಡೊಮೇನ್ ಅವರ ಕಾರ್ಡಿನಲ್ಲಿ, ಕ್ಲೌಡ್‌ನ ಎಲ್ಲ ಅಧಿಕಾರವೂ ಇರುವ ರೂಟ್ ಪಾಸ್‌ವರ್ಡ್ ಅವರ ಹತ್ತಿರ, ಎರಡನೇ ಹಂತದ ಓಟಿಪಿ ಅವರ ಫೋನಿಗೆ. ಆಂಡ್ರಾಯ್ಡ್ ಆ್ಯಪ್‌ಗೆ ಸಹಿ ಹಾಕುವ ಕೀ ಅವರ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಒಂದು ದಿನ ಬೇರೆ ಕೆಲಸಕ್ಕೆ ಹೋಗುತ್ತಾರೆ, ಅಥವಾ ಆ ಲ್ಯಾಪ್‌ಟಾಪ್ ಕೆಟ್ಟುಹೋಗುತ್ತದೆ, ನೀವು ನಿಮ್ಮದೇ ಆ್ಯಪನ್ನು ಅಪ್‌ಡೇಟ್ ಮಾಡಲಾಗದೆ ಕೂರುತ್ತೀರಿ. ಇವತ್ತೇ ಎಲ್ಲ ಅಕೌಂಟ್‌ಗಳನ್ನೂ ಕಂಪನಿಯ ಇಮೇಲಿಗೆ ಬದಲಿಸಿ, ಡೆವಲಪರ್‌ಗೆ ಬೇಕಾದಷ್ಟೇ ಅನುಮತಿ ಕೊಡಿ. ಅವರು ಬಿಡುವ ದಿನ ಯಾವ ಯಾವುದನ್ನು ಮುಚ್ಚಬೇಕು ಅನ್ನುವ ಪಟ್ಟಿಯನ್ನು ಸೇರುವ ದಿನವೇ ಬರೆದಿಡಿ. ಇದು ಅಪನಂಬಿಕೆಯಲ್ಲ, ಮುಂದೆ ಏನಾದರೂ ಹೆಚ್ಚುಕಮ್ಮಿ ಆದರೆ ಅವರ ಮೇಲೆ ಅನುಮಾನ ಬರದ ಹಾಗೆ ಕಾಯುವುದೂ ಹೌದು.

ಪ್ರಶ್ನೆ: ನಾನೇ ರಿಮೋಟ್ ಡೆವಲಪರ್. ಅದೇ ಕೆಲಸ ಮಾಡುವ ಸಹೋದ್ಯೋಗಿಗೆ ದುಬಾರಿ ಊರಿನಲ್ಲಿದ್ದಾರೆ ಅನ್ನುವ ಕಾರಣಕ್ಕೆ ಜಾಸ್ತಿ ಸಂಬಳ. ಇದು ಸರಿಯಾ?

ಕಂಪನಿಗಳು ಎರಡೂ ರೀತಿ ಮಾಡುತ್ತವೆ. ಗಿಟ್‌ಲ್ಯಾಬ್ ಇರುವ ಜಾಗ ನೋಡಿ ಸಂಬಳ ನಿಗದಿ ಮಾಡುತ್ತದೆ, ಅದನ್ನು ಬಚ್ಚಿಡುವುದಿಲ್ಲ. 37ಸಿಗ್ನಲ್ಸ್ ಅನ್ನುವ ಸಾಫ್ಟ್‌ವೇರ್ ಕಂಪನಿ ಎಲ್ಲಿದ್ದರೂ ಒಂದೇ ಹುದ್ದೆಗೆ ಒಂದೇ ಸಂಬಳ ಅನ್ನುತ್ತದೆ. ನನ್ನ ಮನಸ್ಸು ಎರಡನೆಯದರ ಕಡೆ. ನೀವು ಬರೆದ ಕೋಡ್ ಗ್ರಾಹಕರಿಗೆ ಅಷ್ಟೇ ಉಪಯೋಗಕ್ಕೆ ಬರುತ್ತದೆ, ಅದನ್ನು ಎಲ್ಲಿ ಕೂತು ಬರೆದಿರಿ ಅಂತ ಅವರು ಕೇಳುವುದಿಲ್ಲ. ಮಾತಾಡುವಾಗ ನಿಮ್ಮ ಬಾಡಿಗೆಯ ವಿಷಯ ಎತ್ತಬೇಡಿ, ನಿಮ್ಮ ಜಾಗಕ್ಕೆ ಬೇರೆಯವರನ್ನು ತರಲು ಅವರಿಗೆ ಎಷ್ಟು ಖರ್ಚು ಅನ್ನುವುದನ್ನು ಎತ್ತಿ. ಮೇಲಿನ 12 ಮತ್ತು 35ರ ಲೆಕ್ಕವನ್ನೇ ಅವರ ಮುಂದೆ ಇಡಬಹುದು.

ಪ್ರಶ್ನೆ: ನಾವೆಲ್ಲ ಆಫೀಸಿನಲ್ಲಿ, ಒಬ್ಬರು ಮಾತ್ರ ರಿಮೋಟ್. ಕೆಲಸ ಚೆನ್ನಾಗಿದೆ, ಆದರೆ ಅವರು ದೂರವಾಗುತ್ತಿದ್ದಾರೆ ಅನ್ನಿಸುತ್ತಿದೆ.

ಎಲ್ಲರೂ ಆಫೀಸಿನಲ್ಲಿರುವುದಕ್ಕಿಂತಲೂ, ಎಲ್ಲರೂ ದೂರವಿರುವುದಕ್ಕಿಂತಲೂ ಕಷ್ಟದ ಸ್ಥಿತಿ ಇದು. ಎಲ್ಲರೂ ದೂರ ಹೋದರೂ ತಂಡಗಳು ತಮ್ಮತಮ್ಮೊಳಗೇ ಮುಚ್ಚಿಕೊಳ್ಳುತ್ತವೆ. 2020ರ ಮೊದಲ ಆರು ತಿಂಗಳಲ್ಲಿ ಮೈಕ್ರೋಸಾಫ್ಟಿನ 61,182 ಉದ್ಯೋಗಿಗಳ ಸಂಪರ್ಕಗಳನ್ನು ನೋಡಿದ ಅಧ್ಯಯನದಲ್ಲಿ ಕಂಡದ್ದು ಇದೇ. ನಿಮ್ಮಲ್ಲಿ ಹಾಗೆ ಹೊರಗೆ ಉಳಿಯುತ್ತಿರುವುದು ಒಬ್ಬರೇ. ಊಟದ ಹೊತ್ತಿಗೆ ನೀವು ನಾಲ್ವರು ಮಾತಾಡಿಕೊಂಡು ಒಂದು ನಿರ್ಧಾರ ಮಾಡಿರುತ್ತೀರಿ, ಬಚ್ಚಿಡಬೇಕು ಅಂತಲ್ಲ, ಹೇಳಲು ಮರೆತಿರುತ್ತೀರಿ. ಅವರು ಮೂರು ದಿನದ ನಂತರ ಕೋಡಿನಲ್ಲಿ ಅದನ್ನು ನೋಡುತ್ತಾರೆ.

ಒಬ್ಬರು ರಿಮೋಟ್ ಆಗಿರುವ ಮೀಟಿಂಗಿನಲ್ಲಿ ಎಲ್ಲರೂ ತಮ್ಮತಮ್ಮ ಟೇಬಲಿನಿಂದಲೇ ಕಾಲ್‌ಗೆ ಸೇರಿಕೊಳ್ಳಿ, ಒಂದು ದೊಡ್ಡ ಪರದೆಯ ಮುಂದೆ ಗುಂಪಾಗಿ ಕೂರಬೇಡಿ. ಬಾಯಲ್ಲಿ ಆದ ನಿರ್ಧಾರವನ್ನು ಟಿಕೆಟ್ಟಿನಲ್ಲಿ, ಅಂದರೆ ಆ ಕೆಲಸದ ಆನ್‌ಲೈನ್ ದಾಖಲೆಯಲ್ಲಿ, ಬರೆಯುವವರೆಗೂ ಅದು ನಿರ್ಧಾರವಲ್ಲ ಅಂತ ನಿಯಮ ಮಾಡಿ. ವರ್ಷಕ್ಕೆ ಒಂದೆರಡು ಸಲ ಅವರನ್ನು ಕರೆಸಿಕೊಳ್ಳಿ, ಆ ಪ್ರಯಾಣದ ಖರ್ಚನ್ನು ಸಂಬಳದ ಭಾಗ ಅಂತಲೇ ಮೊದಲಿನಿಂದ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮತ್ತು ಈ ವಾರವೇ ಫೋನ್ ಮಾಡಿ, ಹೇಗಿದ್ದೀರಿ ಅಂತ ಮಾತ್ರ ಕೇಳಿದರೆ ಚೆನ್ನಾಗಿದ್ದೀನಿ ಅನ್ನುತ್ತಾರೆ, ಅದರ ಬದಲು ಕಳೆದ ತಿಂಗಳು ಯಾವ ನಿರ್ಧಾರ ನಿಮಗೆ ತಡವಾಗಿ ಗೊತ್ತಾಯಿತು ಅಂತ ಕೇಳಿ.